ನೀರಾಟಕ್ಕೆ ಹೋಗುವವರಿಗೆ ಹೇಳಿದ್ದು

ಮಾರ್ಚ್ ೩, ೨೦೦೪, ಬುಧವಾರ. ಇಸಳೂರು

ಈ ನೋಟ್‌ಬುಕ್ಕು ಎಂಟನೆಯ ತರಗತಿಯ ಪಾಠಯೋಜನೆಗೆಂದು ತಂದದ್ದು. ನಾಲ್ಕು ಪುಟ ಗಣಿತ ಬರೆದು ಬಿಟ್ಟಿದ್ದೆ. ಇವತ್ತು ಹೊಟ್ಟೆಯುರಿ ಕಾರಿಕೊಳ್ಳಲು ಬೇರೆ ಜಾಗ ಕಾಣಲಿಲ್ಲ. ಇವರ ಹತ್ತಿರ ಹೇಳಿದರೆ ಪೇಪರು ಮಡಚಿಟ್ಟು "ಹೂಂ" ಅನ್ನುತ್ತಾರೆ. ಆ "ಹೂಂ" ಕೇಳಿದರೆ ನನಗೆ ಇನ್ನಷ್ಟು ಉರಿಯುತ್ತದೆ.

ಸಂಜೆ ಶಾಲೆಯಿಂದ ಬಂದು ಚಪ್ಪಲಿ ಕೂಡ ಬಿಟ್ಟಿರಲಿಲ್ಲ, ಪಕ್ಕದ ಮನೆಯ ಭೂಮಿಕಾ ಕಂಪೌಂಡಿನಾಚೆಯಿಂದ ಕೂಗಿದಳು. ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಅಳತೆಯ ಟೇಪು ಕುತ್ತಿಗೆಯಲ್ಲಿ ಹಾಗೇ ನೇತಾಡುತ್ತಿತ್ತು. ಗಂಡ ರಾಘು ಶಿರಸಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಇಬ್ಬರು ಹೆಣ್ಣುಮಕ್ಕಳು. ಒಳ್ಳೆಯ ಜನ, ಸುಳ್ಳು ಯಾಕೆ ಹೇಳಲಿ.

"ವೇದಕ್ಕಾ, ರಜೆಗೆ ನಾವೂ ಬೆಂಗ್ಳೂರಿನ ವಾಟರ್ ಪಾರ್ಕಿಗೆ ಹೋಗೋದು ಅಂತ ಆಗಿದೆ. ನೀವು ಹೋಗಿ ಬಂದೋರು. ಎಂತ ಮಾಡ್ಬೇಕು ಎಂತ ಮಾಡ್ಬಾರ್ದು ಎಲ್ಲ ನೀವೇ ಹೇಳ್ಕೊಡ್ಬೇಕು."

ನಾನು ಅವಳ ಮುಖ ನೋಡಿದೆ. ಅವಳಿಗೂ ತಟ್ಟಿತು. "ಆ ವಿಷಯ ಬಿಡಿ ಅಕ್ಕಾ. ಅದು ನಿಮ್ಮಣ್ಣ ಮಾಡಿದ್ದು. ಪಾರ್ಕು ಎಂತ ಮಾಡೀತು ಪಾಪ," ಅಂದಳು.

ಆ ವಿಷಯವನ್ನು ಒಮ್ಮೆ ಬರೆದು ಮುಗಿಸಿಬಿಡುತ್ತೇನೆ. ಹೋದ ವರ್ಷ ಮೇ ಐದರ ರಾತ್ರಿ ಇವರು, ನಾನು, ಮಕ್ಕಳು ಚಿರಂತನ, ಅಭಿಜ್ಞಾ ನಾಲ್ವರೂ ಬೆಂಗಳೂರಿನ ಬಸ್ಸು ಹತ್ತಿದೆವು. ಆರರ ಸಂಜೆ ಹುಲೇಕಲ್ಲಿನ ನನ್ನ ತವರಿನಲ್ಲಿ ಹೆತ್ತ ಆಯಿಗೆ ಎದೆನೋವು ಬಂತು. ಅಣ್ಣ ನಾಗಪತಿ ಅವಳನ್ನು ಶಿರಸಿಯ ಆಸ್ಪತ್ರೆಗೆ ಸೇರಿಸಿದ. ಏಳರ ಸಂಜೆ ಆಯಿ ತೀರಿಕೊಂಡಳು. ನಾವು ಇಳಿದುಕೊಂಡ ಲಾಡ್ಜಿನ ಫೋನ್ ನಂಬರು ಅಣ್ಣನ ಹತ್ತಿರ ಇತ್ತು. ನಾನೇ ಬರೆದುಕೊಟ್ಟದ್ದು. ಅವನು ಫೋನ್ ಮಾಡಲಿಲ್ಲ. ನಾವು ಎಂಟನೆಯ ತಾರೀಕೂ ಊರು ತಿರುಗಿ, ಒಂಬತ್ತರ ಬೆಳಿಗ್ಗೆ ಬಂದು ಗೇಟು ತೆಗೆದರೆ ಅಣ್ಣ ನಮ್ಮ ಮೆಟ್ಟಿಲ ಮೇಲೆ ಕೂತಿದ್ದ, ತಲೆ ಬೋಳಿಸಿಕೊಂಡು. ಅದನ್ನು ನೋಡಿ ಅಭಿಜ್ಞಾ ಕಿಸಕ್ಕನೆ ನಕ್ಕಳು. ನನ್ನ ತಲೆಯಲ್ಲಿ ಬೆಂಗಳೂರಿನ ಮಲ್ಲಿಗೆ ದಂಡೆ ಇತ್ತು.

ನಾನು ಹೋಗುವಾಗ ಬೂದಿ ಕೂಡ ಆರಿತ್ತು.

ಹನ್ನೊಂದನೆಯ ದಿನ ನೆಂಟರೆಲ್ಲ ಕೂತಲ್ಲೇ ಕೇಳಿದೆ, "ಆಯಿ ನಿಂಗೊಬ್ಬಂಗೇ ಆಯಿಯನ?" ಅಂತ. ಅಣ್ಣ ತುಟಿಪಿಟಕ್ಕೆನ್ನಲಿಲ್ಲ. ತಪ್ಪಿಲ್ಲದಿದ್ದರೆ ಸುಮ್ಮನಿರುತ್ತಿದ್ದನೇ? ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ.

ಹೊರಡುವ ಮೊದಲು ಬಿಳಗಿಯಲ್ಲಿರುವ ಇವರ ದೊಡ್ಡಪ್ಪನ ವಿಷಯಕ್ಕೆ ನಾನು ಅಣ್ಣನಿಗೆ ಏನೋ ಅಂದದ್ದು ನಿಜ. ಅದಕ್ಕೂ ಇದಕ್ಕೂ ಏನು ಸಂಬಂಧ?

ಭೂಮಿಕಾಳಿಗೆ ತಲೆನೋವು ಅಂತ ಹೇಳಿ ಒಳಗೆ ಬಂದೆ.

ಮಾರ್ಚ್ ೯, ಮಂಗಳವಾರ

ಒಂದೇ ತಲೆನೋವನ್ನು ಆರು ದಿನ ನಡೆಸಲಿಕ್ಕಾಗುವುದಿಲ್ಲ. ಇವತ್ತು ಅವಳು ಅವಲಕ್ಕಿ ಹಿಡಿದುಕೊಂಡು ಮನೆಯೊಳಗೇ ಬಂದು ಕೂತಳು.

"ಭಾನುವಾರ ಹೋಗೋದು ಅಂತ ಮಾಡಿದೀವಿ," ಅಂದಳು.

ಶಿವ ಶಿವಾ! ಭಾನುವಾರ! ಅಷ್ಟು ಸಾಕಾಯಿತು ನನಗೆ. ಭಾನುವಾರ ಇಡೀ ಬೆಂಗಳೂರು ಅಲ್ಲೇ ಇರುತ್ತದೆ ಮಾರಾಯ್ತಿ, ಒಂದು ಜಾರುಬಂಡಿಗೆ ಒಂದೂವರೆ ತಾಸು ಸಾಲಿನಲ್ಲಿ ನಿಂತು ಮಕ್ಕಳು ಅಳುತ್ತವೆ, ವಾರದ ನಡುವೆ ಹೋಗು ಅಂದೆ. ಬಾಗಿಲು ತೆಗೆಯುವ ಮೊದಲೇ ಅಲ್ಲಿರಬೇಕು. ಒಳಗೆ ಹೋದಕೂಡಲೆ ಎಲ್ಲರೂ ಎದುರಿಗೆ ಕಂಡದ್ದಕ್ಕೆ ಮುತ್ತಿಕೊಳ್ಳುತ್ತಾರೆ. ನೀವು ಸೀದಾ ಹಿಂದಿನ ತುದಿಗೆ ನಡೆದುಬಿಡಿ, ಅಲ್ಲಿಂದ ಮುಂದಕ್ಕೆ ಬನ್ನಿ. ಬಿಸಿಲೇರುವವರೆಗೆ ತಿರುಗುವ ಆಟ, ಆಮೇಲೆ ನೀರು. ಊಟ ಹನ್ನೆರಡರ ಒಳಗೇ ಮುಗಿಸು, ಒಂದು ಗಂಟೆಗೆ ಹೋದರೆ ತಟ್ಟೆಯೂ ಸಿಗುವುದಿಲ್ಲ. ಮಕ್ಕಳು ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಅಂತ ಮೊದಲೇ ಜಾಗ ಗೊತ್ತು ಮಾಡು. "ಐಸ್‌ಕ್ರೀಮ್ ಅಂಗಡಿ ಹತ್ತಿರ" ಅಂತ ಮಾತ್ರ ಹೇಳಬೇಡ, ಅಂಥವು ಹತ್ತಿವೆ.

ಸೀರೆಯಲ್ಲಿ ನೀರಿಗೆ ಬಿಡುವುದಿಲ್ಲ, ಹತ್ತಿ ಬಟ್ಟೆಯೂ ನಡೆಯುವುದಿಲ್ಲ ಅಂದಾಗ ಅವಳ ಮುಖ ನೋಡಬೇಕಿತ್ತು.

"ಅಯ್ಯಬ್ಯಾ, ಹಾಗಾದ್ರೆ ಎಂತ ಹಾಕ್ಕೊಂಡು ಇಳಿಯೋದು?"

"ನೀನೇ ಹೊಲಿಯುವವಳು, ನನ್ನನ್ನು ಕೇಳ್ತೀಯಲ್ಲೇ. ನೈಲಾನಿನದು ಉದ್ದ ಅಂಗಿ, ಪ್ಯಾಂಟು ಹೊಲ್ಕೋ. ನಿನ್ನನ್ನು ನೋಡುವವರು ಅಲ್ಲಿ ಯಾರೂ ಇಲ್ಲ, ಎಲ್ಲರೂ ತಮ್ಮ ತಮ್ಮ ಕಿರುಚಾಟದಲ್ಲಿರ್ತಾರೆ."

ಎತ್ತರದ ಕೋಲಿನ ವಿಷಯ ಹೇಳಿದೆ. ದೊಡ್ಡ ಆಟಗಳ ಬಾಗಿಲಲ್ಲಿ ಗೆರೆ ಹಾಕಿದ ಕೋಲಿದೆ, ಮಗುವಿನ ತಲೆ ಆ ಗೆರೆ ಮುಟ್ಟದಿದ್ದರೆ ಒಳಗೆ ಬಿಡುವುದಿಲ್ಲ. ಅವಳು ಆಗಲೇ ಚಿಕ್ಕವಳನ್ನು ಕರೆದು ನಮ್ಮ ಗೋಡೆಗೆ ನಿಲ್ಲಿಸಿ ಟೇಪು ಹಿಡಿದಳು. ಎರಡಿಂಚು ಕಡಿಮೆ! ಮಗು ಹೋ ಅಂತ ಅಳಲಿಕ್ಕೆ ಶುರು. "ಜುಟ್ಟು ಮೇಲೆ ಕಟ್ಟಿ ಎತ್ತರ ಮಾಡ್ತೀನಿ ತಗಾ," ಅಂತ ಭೂಮಿಕಾ ಸಮಾಧಾನ ಮಾಡಿದಳು. ನನಗೆ ನಗು ತಡೆಯಲಾಗಲಿಲ್ಲ.

ಅವಳು ಹೋದ ಮೇಲೆ ಇವರು ಹೇಳಿದರು, ನೀನು ನಕ್ಕು ಬಹಳ ದಿನವಾಗಿತ್ತು ಅಂತ. ಇವರಿಗೆ ಇಂಥದ್ದನ್ನೆಲ್ಲ ಎಣಿಸಿಕೊಂಡು ಕೂರುವುದು ಒಂದು ಕೆಲಸ.

ಮಾರ್ಚ್ ೧೭, ಬುಧವಾರ

ಭೂಮಿಕಾಳ ಮಕ್ಕಳಿಗೆ ನಮ್ಮ ಪಾರ್ಕಿನ ಫೋಟೊ ನೋಡಬೇಕಂತೆ. ಅಭಿಜ್ಞಾ ನನ್ನನ್ನು ಕೇಳದೆ ಕಪಾಟಿನಿಂದ ತೆಗೆದುಕೊಟ್ಟಿದ್ದಾಳೆ. ನಾನು ಅಡುಗೆಮನೆಯಿಂದ ಬರುವಾಗ ಮೂವರೂ ಚಾಪೆಯ ಮೇಲೆ ಬೋರಲು ಬಿದ್ದು ನೋಡುತ್ತಿದ್ದರು.

ಅಲ್ಲಿಯ ದೊಡ್ಡ ಜಾರುಬಂಡಿಯಲ್ಲಿ ಇಳಿಯುವಾಗ ಅವರೇ ಫೋಟೊ ತೆಗೆದು ಹೊರಗೆ ಬರುವಾಗ ಮಾರುತ್ತಾರೆ. ನಾನು ಬಾಯಿ ಇಷ್ಟಗಲ ತೆಗೆದು ನಗುತ್ತಿದ್ದೇನೆ, ಕೈ ಎರಡೂ ಮೇಲೆ. ಅಷ್ಟು ನಕ್ಕ ನನ್ನ ಇನ್ನೊಂದು ಫೋಟೊ ಇಲ್ಲ, ಮದುವೆಯದೂ ಇಲ್ಲ. ಕೆಳಗೆ ಮೂಲೆಯಲ್ಲಿ ತಾರೀಕು, ಹೊತ್ತು. ಏಳು, ಐದು, ಎರಡು ಸಾವಿರದ ಮೂರು. ನಾಲ್ಕು ಇಪ್ಪತ್ತು.

"ಆಂಟಿ ಎಷ್ಟು ಚಂದ ನಗ್ತಿದಾರೆ," ಅಂತು ಚಿಕ್ಕದು.

ಕಸಿದುಕೊಂಡೆ. ಮಕ್ಕಳು ಹೆದರಿದವು. ನಾಲ್ಕು ಇಪ್ಪತ್ತಕ್ಕೆ ಆಯಿಗೆ ಇನ್ನೂ ಒಂದು ತಾಸು ಜೀವವಿತ್ತು. ಅಣ್ಣ ಬೆಳಿಗ್ಗೆ ಒಂದು ಮಾತು ಹೇಳಿದ್ದರೆ ನಾನು ಆ ಹೊತ್ತಿಗೆ ದಾರಿಯಲ್ಲಾದರೂ ಇರುತ್ತಿದ್ದೆ. ಕೈ ಮೇಲೆತ್ತಿ ನಗುತ್ತಿರಲಿಲ್ಲ.

ನನಗೆ ಆಯಿ ಬೇಕು. ಇಷ್ಟು ವಯಸ್ಸಾಯಿತು, ಬರೆಯಲು ನಾಚಿಕೆಯಾಗುತ್ತದೆ, ಆದರೂ ಬೇಕು.

ಮಾರ್ಚ್ ೨೩, ಮಂಗಳವಾರ

ಯುಗಾದಿ ಮುಗಿಸಿಕೊಂಡು ದೇವಕಿ ಅತ್ತಿಗೆ ಹುಲೇಕಲ್ ಬಸ್ಸಿಗೆ ಬಂದಳು. ಒಬ್ಬಳೇ. ಏಪ್ರಿಲ್ ಇಪ್ಪತ್ತೈದಕ್ಕೆ ಆಯಿಯ ವರ್ಷಾಂತಿಕ. ಕರೆಯಲಿಕ್ಕೆ ಅಣ್ಣ ಬರಬೇಕಿತ್ತು. ಹೆಂಡತಿಯನ್ನು ಕಳಿಸಿದ್ದಾನೆ.

"ಅಂವ ಎಂತಕ್ಕೆ ಬಂಜ್ನಿಲ್ಲೆ?" ಅಂತ ಕೇಳಿಯೇಬಿಟ್ಟೆ.

ಅತ್ತಿಗೆ ಚಹಾದ ಲೋಟವನ್ನು ಅಂಗೈಯಲ್ಲಿ ತಿರುಗಿಸಿದಳು. ಆಮೇಲೆ ಮೆಲ್ಲಗೆ ಅಂದಳು, "ಈಗ ಯಾರ ಮನೆಗೂ ಹೋಗ್ತ್ವಿಲ್ಲೆ ವೇದಾ. ಮದುವೆ ಇಲ್ಲೆ, ಮುಂಜಿ ಇಲ್ಲೆ. ಮೊನ್ನೆ ಸೊಸಾಯ್ಟಿಲಿ ಯಾರೋ ಹೇಳಿದ್ವಡ, ಇಂವ ಆಯಿ ಸತ್ತಿದ್ದನ್ನೇ ತಂಗಿಗೆ ಮುಚ್ಚಿಟ್ಟಂವ, ಇವನ ಮಾತು ನಂಬಡಿ ಹೇಳಿ. ಎದ್ದು ಬಂದಿಕ್ಕಿದ. ಉಂಡಿದ್ದೂ ಇಲ್ಲೆ ಅವತ್ತು."

"ಮಾಡಿದ್ದುಣ್ಣೋ ಮಹರಾಯ," ಅಂದೆ ನಾನು.

ಅತ್ತಿಗೆ ನನ್ನನ್ನು ಒಂದು ಥರ ನೋಡಿದಳು. ಏನೋ ಹೇಳಲು ಬಾಯಿ ತೆಗೆದು ಚಹಾ ಕುಡಿದಳು. ಅವಳಿಗೂ ಗೊತ್ತಿದೆ. ಹೋದ ವರ್ಷ ನಾನು ಹುಲೇಕಲ್ಲಿನಿಂದ ಹೊರಡುವಾಗ ಬಾಗಿಲ ಹತ್ತಿರ ಅವಳೂ ಇದ್ದಳು.

ಹೋಗುವಾಗ ಕೇಳಿದಳು, "ಬತ್ಯನ?" ನೋಡುವ ಅಂದೆ. ಹೆತ್ತ ತಾಯಿಯ ವರ್ಷಾಂತಿಕಕ್ಕೆ "ನೋಡುವ" ಅನ್ನುವ ಮಗಳು ಊರಿನಲ್ಲಿ ನಾನೊಬ್ಬಳೇ ಇರಬೇಕು.

ಮಾರ್ಚ್ ೨೮, ಭಾನುವಾರ

ಬಿಳಗಿಗೆ ಹೋಗಿದ್ದೆವು. ಇವರ ದೊಡ್ಡಪ್ಪನಿಗೆ ತೊಂಬತ್ತಮೂರು ತುಂಬಿತು. ಹೋದ ವರ್ಷ ಏಪ್ರಿಲ್‌ನಲ್ಲಿ ಬಾಯಿಗೆ ನೀರು ಬಿಟ್ಟು ಮುಗಿಯಿತು ಅಂದಿದ್ದರು. ಈಗ ನೋಡಿದರೆ ಚಕ್ಕುಲಿ ಪುಡಿ ಮಾಡಿಸಿಕೊಂಡು ತಿನ್ನುತ್ತಿದ್ದಾರೆ. ನನ್ನನ್ನು ನೋಡಿ, "ನಿನ್ನ ಆಯಿ ಹುಷಾರಿದ್ದನೇ?" ಅಂತ ಕೇಳಿದರು. ಮರೆವು. ಹುಷಾರು ಅಂದೆ.

ಈ ಮನುಷ್ಯನಿಗೆ ಹೆದರಿ ನಾನು ಅಂದು ಆ ಮಾತು ಹೇಳಿದ್ದು. ಬರೆಯುತ್ತೇನೆ, ಬರೆದರೆ ಏನಾಯಿತು. ದೊಡ್ಡಪ್ಪ ದಾಯಾದಿ. ಅವರು ಹೋದರೆ ನಮಗೆ ಹತ್ತು ದಿನ ಸೂತಕ. ಸೂತಕದಲ್ಲಿ ಯಾರು ಮೋಜಿಗೆ ಹೋಗುತ್ತಾರೆ? ಮಕ್ಕಳು ಒಂದು ವರ್ಷದಿಂದ ದಿನ ಎಣಿಸುತ್ತಿದ್ದವು. ಆದರೆ ಸುದ್ದಿ ಕಿವಿಗೆ ಬೀಳುವವರೆಗೆ ಸೂತಕ ತಾಗುವುದಿಲ್ಲ. ಇದು ನಾನು ಕಂಡುಹಿಡಿದದ್ದಲ್ಲ. ನಮ್ಮ ಕಡೆ ಮದುವೆ ಮನೆಯಲ್ಲಿ ಎಲ್ಲರೂ ಮಾಡುವುದೇ. ಧಾರೆ ಮುಗಿಯುವವರೆಗೆ ಹೊರಗಿನಿಂದ ಬಂದವನನ್ನು ಅಂಗಳದಲ್ಲೇ ತಡೆದು, ಬಾಯಿ ಬಿಡಬೇಡ ಅನ್ನುತ್ತಾರೆ. ಹಾಗಾಗಿ ನಾನೂ ಹೊರಡುವ ಮೊದಲು ಎಲ್ಲರಿಗೂ ಹೇಳಿದೆ, ನಾವು ತಿರುಗಿ ಬರುವವರೆಗೆ ಸುದ್ದಿ ಹೇಳಬೇಡಿ ಅಂತ. ಅಣ್ಣನಿಗೂ ಹೇಳಿದೆ.

ಬಿಳಗಿಯ ಸುದ್ದಿ ಹೇಳಬೇಡ ಅಂದರೆ ಆಯಿಯ ಸುದ್ದಿಯನ್ನೂ ಹೇಳಬೇಡ ಅಂತ ಅರ್ಥವೇ? ಅಷ್ಟೂ ತಿಳಿಯುವುದಿಲ್ಲವೇ ಅವನಿಗೆ?

ಏಪ್ರಿಲ್ ೬, ಮಂಗಳವಾರ

ಭೂಮಿಕಾಳ ಚೀಲ ತಯಾರಾಗಿದೆ. ಬರುವ ಸೋಮವಾರ ರಾತ್ರಿಯ ಬಸ್ಸು. ನಾನು ಹೇಳಿದ ಹಾಗೇ ಎಲ್ಲ ಮಾಡಿದ್ದಾಳೆ. ಮಕ್ಕಳಿಗೆ ಒಂದೇ ಬಣ್ಣದ ಅಂಗಿ ಹೊಲಿದಿದ್ದಾಳೆ, ಗುಂಪಿನಲ್ಲಿ ದೂರದಿಂದ ಕಾಣಲಿ ಅಂತ. ಅದು ನನಗೂ ಹೊಳೆದಿರಲಿಲ್ಲ. ಭೇಷ್ ಅಂದೆ.

ಆಮೇಲೆ ಅವಳು ಅಂದಳು, "ಒಂದೇ ಹೆದರಿಕೆ ಅಕ್ಕಾ. ಅತ್ತೆಗೆ ಉಬ್ಬಸ ಜೋರಾಗಿದೆ." ಅತ್ತೆ ದ್ಯಾವಮ್ಮ ಸಿದ್ದಾಪುರದ ಹತ್ತಿರ ಹಳ್ಳಿಯಲ್ಲಿ, ಕಿರಿಯ ಮಗ ಮಂಜನ ಮನೆಯಲ್ಲಿದ್ದಾರೆ. "ಅದಕ್ಕೇ ಮಂಜನ ಹತ್ರ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದೀನಿ. ನಾವು ಬರೋತನಕ ಎಂತ ಆದ್ರೂ ಫೋನ್ ಮಾಡ್ಬೇಡ ಅಂತ."

ನನ್ನ ಕೈಯಲ್ಲಿದ್ದ ಅಂಗಿ ಕೆಳಗೆ ಬಿತ್ತು. "ಯಾರು ಹೇಳಿಕೊಟ್ಟದ್ದು ನಿನಗೆ ಇದನ್ನ?"

"ನೀವೇ ಅಲ್ದಾ? ಹೋದ ವರ್ಷ ಇದೇ ಕಂಪೌಂಡಿನ ಹತ್ರ ನಿಂತು ಹೇಳಿದ್ರಿ, ಭೂಮಿಕಾ, ಪ್ರವಾಸಕ್ಕೆ ಹೊರಟೋರು ಮೊದಲು ಮಾಡಬೇಕಾದ ಕೆಲಸ ಇದು, ಕಿವಿ ಮುಚ್ಚಿಕೊಂಡು ಹೋಗಬೇಕು ಅಂತ."

ಹೇಳಿದ್ದೆನಂತೆ. ನನಗೆ ನೆನಪಿಲ್ಲ. ಇರಬಹುದು. ಊರಿಗೆಲ್ಲ ಹೇಳಿದ್ದೇನೆ, ಅವಳಿಗೆ ಹೇಳದೆ ಇರುತ್ತೇನೆಯೇ.

"ಹಾಗೆ ಮಾಡಬೇಡ. ಮಂಜನಿಗೆ ನಂಬರು ಕೊಡು. ಏನೇ ಆದರೂ ಫೋನ್ ಮಾಡಲಿಕ್ಕೆ ಹೇಳು," ಅಂದೆ.

"ಎಂತಕ್ಕೆ ಅಕ್ಕಾ? ದೂರದೋರು ಯಾರೋ ಹೋದ್ರೂ ವಾಪಸ್ ಬರ್ಬೇಕಾಗ್ತದೆ. ಮಕ್ಕಳ ಮುಖ ನೋಡಿದೀರಲ್ಲ. ಮಂಜ ನಿಮ್ಮಣ್ಣನ ಹಾಗಲ್ಲ ಬಿಡಿ. ಹೆತ್ತ ತಾಯಿಗೇ ಹೆಚ್ಚುಕಮ್ಮಿ ಆದ್ರೆ ಅವ್ನು ಹೇಳದೆ ಇರ್ತಾನಾ? ಅಷ್ಟು ಕಲ್ಲು ಹೃದಯ ಅಲ್ಲ ಅವಂದು."

ನಿಮ್ಮಣ್ಣನ ಹಾಗಲ್ಲ. ಕಲ್ಲು ಹೃದಯ. ಈ ಮಾತು ನಾನೇ ಇಡೀ ವರ್ಷ ಆಡಿದ್ದು, ಅವಳು ನನ್ನಿಂದಲೇ ಕಲಿತದ್ದು. ಇವತ್ತು ಅವಳ ಬಾಯಿಂದ ಕೇಳಿದಾಗ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ನನ್ನ ಅಣ್ಣನನ್ನು ಅನ್ನಲಿಕ್ಕೆ ಇವಳು ಯಾರು?

ಅಂಗಿ ಮಡಚಿಟ್ಟು ಎದ್ದು ಬಂದೆ. ಅವಳು ಬೇಜಾರು ಮಾಡಿಕೊಂಡಿದ್ದಾಳೆ.

ಏಪ್ರಿಲ್ ೭, ಬುಧವಾರ

ಪೇಪರು ಓದುತ್ತಿದ್ದ ಇವರ ಎದುರಿಗೆ ಹೋಗಿ ನಿಂತೆ. "ಅವತ್ತು ಹುಲೇಕಲ್ಲಲ್ಲಿ ಹೊರಡಕಾರೆ ಆನು ಅಣ್ಣನ ಹತ್ರ ಎಂತ ಹೇಳಿದ್ದೆ? ನಿಂಗಕ್ಕೆ ನೆನಪಿದ್ದಾ?"

ಇವರು ಪೇಪರು ಮಡಚಿಟ್ಟರು. "ಹೂಂ" ಅನ್ನಲಿಲ್ಲ. ಪಾಠ ಒಪ್ಪಿಸುವ ಹುಡುಗನ ಹಾಗೆ ಹೇಳಿದರು. "ಯಾರು ಹೋದ್ರೂ ಹೇಳಡ. ಬಿಳಗಿಯೋರಿರ್ಲಿ, ನಮ್ಮನೆಯೋರೇ ಇರ್ಲಿ. ಮೂರು ದಿನ ಎಂಗ ಕಿವುಡ್ರು. ಫೋನ್ ಮಾಡಿದ್ರೆ ನಿನ್ನ ಮನೆ ಮೆಟ್ಲು ಹತ್ತದಿಲ್ಲೆ, ಆಣೆ."

"ಆಯಿ?"

"ಅಲ್ಲೇ ಕೂತಿತ್ತು. ನಗ್ಯಾಡ್ತು. ಆನು ಹೋದ್ರೂ ಹೇಳಡ್ದನೇ ಕೇಳ್ತು. ನೀನು, ಹೂಂ, ನೀ ಹೋದ್ರೂ ಹೇಳದಿಲ್ಲೆ, ಬಂದ್ಮೇಲೆ ಅತ್ತರೆ ಸಾಕು ಅಂದೆ."

ಅಂದಿದ್ದೆ. ನೆನಪಿದೆ. ನೆನಪಿಲ್ಲ ಅಂತ ಬರೆದ ದಿನಗಳಲ್ಲೂ ನೆನಪಿತ್ತು.

"ಒಂದು ವರ್ಷ ನಿಂಗ ಎಂತಕ್ಕೆ ಹೇಳಿದ್ವಿಲ್ಲೆ?"

"ನೀ ಕೇಳಿದ್ದಿಲ್ಲೆ," ಅಂದರು.

ಏಪ್ರಿಲ್ ೮, ಗುರುವಾರ

ಭೂಮಿಕಾಳಿಗೆ ಹೇಳಿದೆ.

ಏಪ್ರಿಲ್ ೧೦, ಶನಿವಾರ

ಶಾಲೆ ಮುಗಿಯಿತು. ಮೊನ್ನೆಯದನ್ನು ಬರೆಯಲು ಈಗ ಕೈ ಬರುತ್ತಿದೆ.

ಅವಳು ಮೆಷಿನ್ ತುಳಿಯುತ್ತಿದ್ದಳು. ಅವಳ ಮುಖ ನೋಡಿದರೆ ಹೇಳಲಾಗುವುದಿಲ್ಲ ಅಂತ ಸೂಜಿ ನೋಡುತ್ತಾ ಹೇಳಿದೆ. ನನ್ನ ಅಣ್ಣ ಕಲ್ಲು ಹೃದಯದವನಲ್ಲ. ಫೋನ್ ಮಾಡಬೇಡ ಅಂತ ನಾನೇ ಆಣೆ ಹಾಕಿದ್ದೆ. ಅವನು ನಾನು ಹೇಳಿದ್ದನ್ನು ಮಾಡಿದ. ಹನ್ನೊಂದನೆಯ ದಿನ ನಾನು ಎಲ್ಲರೆದುರು ಅವನ ಮಾನ ಕಳೆದೆ. ಅವನು ಒಂದು ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಬಹುದಿತ್ತು. ಮುಚ್ಚಿಸಲಿಲ್ಲ. ಇವತ್ತಿನವರೆಗೂ ಎಲ್ಲೂ ಹೇಳಿಲ್ಲ.

ಮೆಷಿನ್ ನಿಂತಿತು. ಅವಳು ದಾರ ಕತ್ತರಿಸಿದಳು. ಆಮೇಲೆ, "ಹಾಗಾದ್ರೆ ಒಂದು ವರ್ಷ ನೀವು ನಮ್ಮ ಹತ್ರ ಎಲ್ಲ ಅವ್ರನ್ನ ಬೈದಿದ್ದು..." ಅಂದು ಅಲ್ಲೇ ಬಿಟ್ಟಳು.

"ಮಂಜನಿಗೆ ನಂಬರು ಕೊಡು ಭೂಮಿಕಾ. ಅವನು ಹೇಳುತ್ತಾನೆ ಅಂತ ನಂಬಬೇಡ. ನಮ್ಮ ಮೇಲೆ ಪ್ರೀತಿ ಇದ್ದವರೇ ನಾವು ಹೇಳಿದ್ದನ್ನು ಹೇಳಿದ ಹಾಗೆ ಮಾಡುವವರು."

ಅವಳು ಆಯಿತು ಅಂದಳು. ಆದರೆ ನನ್ನನ್ನು ನೋಡುವ ನೋಟ ಬೇರೆಯಾಗಿತ್ತು. ಆಗಲಿ. ಅದು ನನಗೆ ಸಲ್ಲಬೇಕಾದ್ದೇ.

ಏಪ್ರಿಲ್ ೧೨, ಸೋಮವಾರ

ಹೊರಟರು. ಚಿಕ್ಕವಳ ಜುಟ್ಟು ನಿಜವಾಗಿಯೂ ನಡುನೆತ್ತಿಯ ಮೇಲೆ. ವಾಂತಿಗೆ ನಿಂಬೆಹಣ್ಣು ಕೊಟ್ಟೆ. ರಾಘು ಸ್ಕೂಟರ್ ಬೀಗದಕೈ ನಮ್ಮಲ್ಲಿಟ್ಟು, "ಮಂಜಂಗೆ ಹೇಳಿದೀನಿ ವೇದಕ್ಕ," ಅಂದ.

ಏಪ್ರಿಲ್ ೧೬, ಶುಕ್ರವಾರ

ಬಂದರು. ಏನೂ ಆಗಿಲ್ಲ. ದ್ಯಾವಮ್ಮ ಗಟ್ಟಿಯಾಗಿದ್ದಾರೆ. ಮಕ್ಕಳು ಬಿಸಿಲಿಗೆ ಕಪ್ಪಾಗಿ, ಗಂಟಲು ಕಟ್ಟಿಕೊಂಡು, ಒಂದರ ಮೇಲೊಂದು ಬಿದ್ದು ಕಥೆ ಹೇಳಿದವು. ಚಿಕ್ಕವಳನ್ನು ಜುಟ್ಟಿದ್ದರೂ ಒಳಗೆ ಬಿಡಲಿಲ್ಲವಂತೆ. ಕೋಲು ಹಿಡಿದವನು ಜುಟ್ಟನ್ನು ಒತ್ತಿ ನೋಡಿದನಂತೆ.

ಭೂಮಿಕಾ ಮಾತ್ರ ಸಪ್ಪಗಿದ್ದಳು. "ನಿಮ್ಮ ಮಾತು ಕೇಳಿ ನಂಗೆ ಮೂರು ದಿನ ನಿದ್ದೆ ಇಲ್ಲ ಅಕ್ಕಾ. ಲಾಡ್ಜಲ್ಲಿ ಯಾರ ರೂಮಿನ ಫೋನ್ ಹೊಡ್ಕೊಂಡ್ರೂ ನಮಗೇ ಅನ್ಸೋದು. ನೀರಲ್ಲಿ ಇಳಿದ್ರೂ ಕಿವಿ ಮೇಲೇ ಇತ್ತು," ಅಂದಳು. ಸ್ವಲ್ಪ ಸಿಟ್ಟೂ ಇತ್ತು. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಅಂತ ಆಯಿ ಹೇಳುತ್ತಿದ್ದಳು.

ಆದರೂ ನನಗೆ ಆ ಮಕ್ಕಳ ಗದ್ದಲ ಇನ್ನಷ್ಟು ಹೊತ್ತು ಕೇಳಬೇಕು ಅನಿಸಿತು.

ಏಪ್ರಿಲ್ ೨೫, ಭಾನುವಾರ

ಹೋಗಿದ್ದೆ. ಬೆಳಗಿನ ಹುಲೇಕಲ್ ಬಸ್ಸಿಗೆ ನಾಲ್ವರೂ ಹೋದೆವು.

ಅಣ್ಣ ಸೊರಗಿದ್ದಾನೆ. ಒದ್ದೆ ಪಂಚೆಯಲ್ಲಿ ಪಿಂಡದ ಮುಂದೆ ಕೂತವನ ಬೆನ್ನಿನ ಎಲುಬು ಎಣಿಸಬಹುದಿತ್ತು. ನನ್ನನ್ನು ನೋಡಿ, "ಬಂದ್ಯಾ," ಅಂದ. ಅಷ್ಟೇ.

ಊಟಕ್ಕೆ ಎಲೆ ಹಾಕಿದರು. ಹೆಂಗಸರ ಪಂಕ್ತಿಯಲ್ಲಿ ನಾನೂ ಕೂತೆ. ಅಣ್ಣ ವಡೆಯ ಬುಟ್ಟಿ ಹಿಡಿದು ಬಡಿಸುತ್ತಾ ಬಂದ. ಚಿಕ್ಕಮ್ಮನ ಎಲೆಯ ಹತ್ತಿರ ಬಂದಾಗ ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, "ಈ ಸಲನಾದ್ರೂ ತಂಗಿಗೆ ಹೇಳಿಕಳ್ಸಿದ್ಯಲ ನಾಗಪತಿ. ದೊಡ್ಡದಾತು."

ಯಾರೋ ನಕ್ಕರು. ಅಣ್ಣ ಅವಳ ಎಲೆಗೆ ವಡೆ ಹಾಕಿದ. ಮುಂದಿನ ಎಲೆಗೆ ಹೋದ. ವರ್ಷವಿಡೀ ಹೀಗೇ ನಡೆದಿದೆ ಅಂತ ಆ ಬಗ್ಗಿದ ಬೆನ್ನಿನಿಂದಲೇ ಗೊತ್ತಾಯಿತು.

"ಚಿಕ್ಕಮ್ಮಾ, ಅಂವ ಫೋನ್ ಮಾಡದ್ದು ಆನು ಹೇಳಿದ್ದಕ್ಕೆ," ಅಂದೆ. ದನಿ ಏರಿತ್ತೇನೋ, ಗಂಡಸರ ಪಂಕ್ತಿಯಲ್ಲೂ ತಲೆಗಳು ಎದ್ದವು. "ಯಾರು ಸತ್ರೂ ಹೇಳಡ ಹೇಳಿ ಆಣೆ ಹಾಕಿಕ್ಕಿ ಹೋಗಿದ್ದೆ. ಆಯಿ ಎದುರಿಗೇ ಹೇಳಿದ್ದೆ. ದೇವಕಿ ಅತ್ತಿಗೆ ಇತ್ತು, ನಮ್ಮನೆಯೋರೂ ಇದ್ದಿದ್ದ, ಕೇಳಿ ಬೇಕಾರೆ. ತಪ್ಪು ಎನ್ನದು. ಅವಂದಲ್ಲ."

"ಹಂಗಾರೆ ಹನ್ನೊಂದನೇ ದಿನ ನೀ ಅಷ್ಟು ಕೂಗಿದ್ದು?" ಅಂತ ಕೇಳಿದಳು ಚಿಕ್ಕಮ್ಮ.

"ಅದೂ ತಪ್ಪೇ."

ಅತ್ತಿಗೆ ಬಾಗಿಲ ಹತ್ತಿರ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ಅಣ್ಣ ವಡೆಯ ಬುಟ್ಟಿಯನ್ನು ಕೆಳಗಿಟ್ಟು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದ. ಅವನಿಗೆ ಹಗುರವಾಗಬಹುದು ಅಂದುಕೊಂಡಿದ್ದೆ. ಹಾಗೆ ಕಾಣಲಿಲ್ಲ.

ಕೈ ತೊಳೆದು ಹಿಂದೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ.

"ಎಂತಕ್ಕೆ ಹೇಳ್ದೆ?" ಅಂದ.

"ಹೇಳವಾಗಿತ್ತು. ನೀ ಎಂತಕ್ಕೆ ಇಷ್ಟು ದಿನ ಸುಮ್ನಿದ್ದೆ?"

ಅವನು ನನ್ನನ್ನು ನೋಡಲಿಲ್ಲ. ಕಲ್ಲಿನ ಮೇಲಿದ್ದ ಸಾಬೂನಿನ ಚೂರನ್ನು ಉಗುರಿನಿಂದ ಕೆರೆಯುತ್ತಾ ಹೇಳತೊಡಗಿದ.

"ಏಳನೇ ತಾರೀಕು ಬೆಳಿಗ್ಗೆ ಎಂಟು ಗಂಟೆಗೆ ಆಯಿ, ವೇದನ್ನ ಕರೆಸು ಹೇಳ್ತು. ಆಸ್ಪತ್ರೆ ಎದುರಿನ ಬೂತಿಗೆ ಹೋದೆ. ನಂಬರ್ ಒತ್ತಿದೆ. ಅತ್ಲಾಗೆ ಗಂಟೆ ಹೊಡೀತಾ ಇತ್ತು. ಇಟ್ಟಿಕ್ಕಿದೆ. ಎರಡು ದಿನಕ್ಕೆ ಮನೆಗೆ ಕಳಿಸ್ತೆ ಹೇಳಿ ಡಾಕ್ಟ್ರು ಹೇಳಿದ್ದಿದ್ದ. ನಿನ್ನ ಆಣೆ ಒಂದು ಇತ್ತು. ಮಕ್ಕ ಆಡ್ಲಿ ಅನಿಸ್ತು. ವಾಪಸ್ ಹೋಗಿ ಆಯಿ ಹತ್ರ, ಫೋನ್ ಮಾಡಿದ್ದೆ, ವೇದಾ ಬಸ್ ಹತ್ತಿದ್ದು ಹೇಳಿ ಹೇಳ್ದೆ."

ಅಲ್ಲೇ ನೆಲದ ಮೇಲೆ ಕೂತೆ.

"ಹತ್ತು ಗಂಟೆಗೆ ಕೇಳ್ತು, ಎಲ್ಲಿಗೆ ಬಂತು ಹೇಳಿ. ತುಮಕೂರು ಹೇಳ್ದೆ. ಮತ್ತೆ ಕೇಳ್ತು. ಚಿತ್ರದುರ್ಗ. ಊಟದ ಹೊತ್ತಿಗೆ ದಾವಣಗೆರೆ. ಮಕ್ಕ ಉಂಡ್ವನ ಕೇಳ್ತು. ಉಂಡ ಹೇಳ್ದೆ. ಮೂರು ಗಂಟೆಗೆ ಹಾವೇರಿ. ಆಯಿ ಕೂಸಿನ ಹಂಗೆ ಆಗೋಗಿತ್ತು, ತಲೆ ಬಾಚು ಹೇಳ್ತು, ನೀ ಬಪ್ಪಷ್ಟೊತ್ತಿಗೆ ಚಂದ ಕಾಣವು ಹೇಳಿ. ಬಾಚಿದೆ. ನಾಲ್ಕು ಗಂಟೆಗೆ ಹಾನಗಲ್."

ಸಾಬೂನಿನ ಚೂರು ಅವನ ಉಗುರಿಗೆ ಎರಡಾಯಿತು.

"ಹಾನಗಲ್ ದಾಟಿಸಲೆ ಎಂಗೆ ಧೈರ್ಯ ಸಾಲಿದ್ದಿಲ್ಲೆ ವೇದಾ. ದಾಟಿದ್ರೆ ಶಿರಸಿ ಬತ್ತು. ಶಿರಸಿ ಬಂದ್ರೆ ನೀ ಬರವು. ಅದ್ಕೇ ಬಸ್ ಪಂಕ್ಚರ್ ಆಜು ಹೇಳ್ದೆ. ಒಂದು ತಾಸು ನಿನ್ನ ಅಲ್ಲೇ ನಿಲ್ಸಿಟ್ಟಿದ್ದೆ. ಆಯಿ ಡ್ರೈವರಂಗೆ ಬೈದತ್ತು. ಹಾಳು ಮುಂಡೆಗಂಡ, ಹೊರಡಕಾರೇ ಗಾಲಿ ನೋಡ್ಕಂಬಲಾಗ್ತಿಲ್ಯನ ಹೇಳಿ. ಅದೇ ಕಡೇ ಮಾತು. ಐದೂವರೆಗೆ ಹೋತು."

ಬೂತಿನಿಂದ ಅವನು ಮಾತಾಡಿದ್ದರೆ ಐದೂವರೆಗೆ ನಾನು ನಿಜವಾಗಿಯೂ ಶಿರಸಿಯಲ್ಲಿರುತ್ತಿದ್ದೆ. ಅವನಿಗೂ ಅದು ಗೊತ್ತು. ಅವನ ಮುಖದಲ್ಲಿ ಬರೆದಿತ್ತು.

"ನಿಂದು ನೀ ಎಲ್ಲರ ಎದುರಿಗೆ ಹೇಳ್ಕಂಡೆ. ಎನ್ನದು ಆನು ಯಾರ ಹತ್ರ ಹೇಳವು?" ಅಂದ. ಅಳುತ್ತಿದ್ದ. ಅಪ್ಪಯ್ಯ ಹೋದಾಗಲೂ ಅವನು ಅತ್ತದ್ದು ನಾನು ಕಂಡಿಲ್ಲ.

ಅವನು ಕ್ಷಮಿಸು ಅನ್ನಲಿಲ್ಲ. ನಾನು ಕ್ಷಮಿಸಿದೆ ಅಂತಲೂ ಅನ್ನಲಿಲ್ಲ. ಒಳಗೆ ಎರಡನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು, ಅತ್ತಿಗೆ ಒಮ್ಮೆ ಇಣುಕಿ ನೋಡಿ ಹೋದಳು. ನಾನು ಅಣ್ಣನ ಪಕ್ಕ ಕಲ್ಲಿನ ಮೇಲೆ ಹೋಗಿ ಕೂತೆ.

"ಎನ್ನ ಹತ್ರ ಹೇಳು," ಅಂದೆ. "ಇನ್ನೊಂದ್ಸಲ ಹೇಳು. ತುಮಕೂರಿಂದ ಹೇಳು."

ಅವನು ಮೂಗು ಒರೆಸಿಕೊಂಡು ತುಮಕೂರಿನಿಂದ ಶುರು ಮಾಡಿದ.